ನೀಲಿ ಮರಕ್ಕೆ ಯುಗಾದಿಯ ಎಣ್ಣೆ

ನನ್ನ ಅಣ್ಣನಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಹೇಳಲಿಲ್ಲ. ಸಮಯ ಸಿಗಲಿಲ್ಲ ಎನ್ನುವ ಹಾಗಿಲ್ಲ, ವರ್ಷಗಟ್ಟಲೆ ಸಮಯವಿತ್ತು. ಅವನ ಮನೆಯಲ್ಲಿ ಉಂಡಿದ್ದೇನೆ, ಅವನ ಎದುರು ಕೂತು ಕಾಫಿ ಕುಡಿದಿದ್ದೇನೆ, ಆಸ್ಪತ್ರೆಯಲ್ಲಿ ಅವನ ಕಾಲು ಒತ್ತಿದ್ದೇನೆ. ಆ ಮಾತು ಮಾತ್ರ ಗಂಟಲು ದಾಟಿ ಬರಲಿಲ್ಲ. ಈಗ ಅವನಿಲ್ಲ.

ಮೊನ್ನೆ ಏಪ್ರಿಲ್ ಕೊನೆಯಲ್ಲಿ ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಫೋನ್ ಮಾಡಿದ್ದರು. "ಪಕ್ಕದ ಮನೆಯವರು ಶನಿವಾರ ಮನೆ ಖಾಲಿ ಮಾಡ್ತಿದಾರೆ ಕಣೇ. ಮಗಳ ಮನೆಗೆ ಹೋಗ್ತಾರಂತೆ. ಬರಿಗೈಲಿ ಹೆಂಗೆ ಕಳಿಸೋದು? ಬಾ, ಕೋಡುಬಳೆ ಮಾಡಣ." ನಾನಿರುವುದು ಊರಿನ ಇನ್ನೊಂದು ತುದಿಯ ಕ್ರೋಯ್ಡನ್‌ನಲ್ಲಿ. ಟ್ರಾಮು, ಟ್ರೈನು, ನೆಲದಡಿಯ ಟ್ಯೂಬು ಎಲ್ಲ ಹತ್ತಿಳಿದು ಹೋದೆ. ಕರಿದಾದ ಮೇಲೆ ಬಾಣಲೆ ತೊಳೆಯಲು ಸೋಪು ಬೇಕಿತ್ತು. ಸಿಂಕಿನ ಕೆಳಗಿನ ಕಪಾಟಿನಲ್ಲಿ ಕೈಯಾಡಿಸುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಒಂದು ಬಾಟಲಿ ಸಿಕ್ಕಿತು. ಒಳಗಿದ್ದದ್ದು ಚಳಿಗೆ ಹಳೆಯ ತುಪ್ಪದ ಹಾಗೆ ಅರ್ಧ ಗಟ್ಟಿಯಾಗಿತ್ತು. ಮುಚ್ಚಳ ತಿರುಗಿಸಿದೆ. ಬೇವಿನ ಎಣ್ಣೆ.

ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಬಾಟಲಿಯನ್ನು ಅಲ್ಲಿಟ್ಟಿದ್ದವಳು ನಾನೇ. ಬಚ್ಚಿಟ್ಟಿದ್ದವಳು…

ಅಣ್ಣನ ಬಗ್ಗೆ ಬರೆಯಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಕನ್ನಡ ಬಿಟ್ಟರೆ ಬೇರೆ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಬರುವುದಿಲ್ಲ. ಬರೆಯಲು ಹೆದರಿಕೆಯಾಗುತ್ತಿದ್ದದ್ದು ಅದಕ್ಕಲ್ಲ. ಅವನ ಬಗ್ಗೆ ಬರೆದರೆ ಮರದ ಬಗ್ಗೆ ಬರೆಯಬೇಕು, ಮರದ ಬಗ್ಗೆ ಬರೆದರೆ ನನ್ನ ಬಗ್ಗೆ ಬರೆಯಬೇಕು.

ಮೈಸೂರಿನಲ್ಲಿ ಅಪ್ಪ ಹೋದ ಮೇಲೆ ಅಮ್ಮ ಹಿತ್ತಲಲ್ಲಿ ಮಲ್ಲಿಗೆ ಬೆಳೆದು, ಕಟ್ಟಿ, ಮಾರಿ ನಮ್ಮಿಬ್ಬರನ್ನು ಸಾಕಿದಳು. ಅಣ್ಣ ಮೀಸೆ ಚಿಗುರುವ ಮೊದಲೇ ಲಾರಿ ಓಡಿಸಲು ಕಲಿತ. ಯಾವುದೋ ಹೋಟೆಲಿನ ಅಡುಗೆಮನೆ ಕೆಲಸವೆಂದು ಲಂಡನ್ನಿಗೆ ಬಂದ. ಸ್ವಲ್ಪ ವರ್ಷ ಹಿಟ್ಟು ನಾದಿ, ರಾಶಿ ರಾಶಿ ಈರುಳ್ಳಿ ಹೆಚ್ಚಿ, ಕೊನೆಗೆ ಪರೀಕ್ಷೆ ಪಾಸು ಮಾಡಿ ಇಲ್ಲಿನ ಕೆಂಪು ಬಸ್ಸಿನ ಡ್ರೈವರ್ ಆದ. ನನಗೆ ಗಂಡು ಹುಡುಕಿ, ಮದುವೆ ಮಾಡಿ, ಈ ಊರಿಗೆ ಕರೆಸಿಕೊಂಡವನೂ ಅವನೇ. ಯೂನಿಫಾರ್ಮ್ ಹಾಕಿಕೊಂಡು ಆ ಎರಡಂತಸ್ತಿನ ಬಸ್ಸಿನ ಸೀಟಿನಲ್ಲಿ ಕೂತವನನ್ನು ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು. "ಅಮ್ಮ ನೋಡ್ಬೇಕಿತ್ತು" ಎಂದಿದ್ದೆ. "ಅಮ್ಮ ನೋಡಿದ್ರೆ, ಕಂಡಕ್ಟರ್ ಎಲ್ಲೋ ಅಂತಿದ್ಲು" ಎಂದು ನಕ್ಕಿದ್ದ.

ಅವನ ಬಸ್ಸು ಪಿನ್ನರ್ ಕಡೆಗೆ ಹೋಗುತ್ತಿತ್ತು. ಒಂದು ದಿನ ಅವನ ಬಸ್ಸಿನಲ್ಲಿ ಮುಂದೆಯೇ ಕೂತಿದ್ದೆ. ಕೆಂಪು ದೀಪಕ್ಕೆ ನಿಲ್ಲಿಸಿದವನು ಗಾಜಿನ ಹಿಂದಿನಿಂದ ಕೈಸನ್ನೆ ಮಾಡಿದ.

"ಎಡಗಡೆ ನೋಡೇ."

"ಏನಿದೆ?"

"ಸುಮ್ನೆ ನೋಡೇ! ವಿಭೂತಿ ಬಳ್ಕೊಂಡು ನಿಂತಿರೋ ಹಾಗಿಲ್ವಾ?"

"ಯಾರು? ಅಲ್ಯಾರೂ ಇಲ್ವಲ್ಲ."

"ಮರ ಕಣೇ, ಮರ!"

ಒಂದು ದೊಡ್ಡ ಮನೆಯ ಮುಂದಿನ ತೋಟದಲ್ಲಿ ಆ ಮರ ನಿಂತಿತ್ತು. ಕ್ರಿಸ್ಮಸ್ ಮರದ ಆಕಾರ, ಆದರೆ ಹಸಿರಲ್ಲ. ನೀಲಿ. ಬೂದಿ ಸವರಿದಂಥ ನೀಲಿ. ಬ್ಲೂ ಸ್ಪ್ರೂಸ್ ಎಂದು ಅದರ ಹೆಸರು. ಸುತ್ತಲಿನದೆಲ್ಲ ಮೋಡದ ಕೆಳಗೆ ಮಂಕಾಗಿದ್ದರೆ ಅದೊಂದು ಮಾತ್ರ ಒಳಗೆ ದೀಪ ಇಟ್ಟಂತೆ ಹೊಳೆಯುತ್ತಿತ್ತು. ದಿನವೂ ಆ ದಾರಿಯಲ್ಲಿ ಹೋಗುವಾಗ ಅದನ್ನು ನೋಡಿಕೊಂಡೇ ಅಣ್ಣ ಇಲ್ಲಿನ ಚಳಿಗಾಲಗಳನ್ನು ಕಳೆದಿದ್ದನಂತೆ. ಸ್ವಂತ ಮನೆಯಾದರೆ ಮುಂದೆ ಇದನ್ನೇ ನೆಡುತ್ತೇನೆ ಎಂದು ಆಗಲೇ ತೀರ್ಮಾನಿಸಿದ್ದ.

ಅಕ್ಸ್‌ಬ್ರಿಡ್ಜ್‌ನಲ್ಲಿ ಮನೆಯಾಯಿತು. ಕ್ರಿಸ್ಮಸ್ ಮುಗಿದ ಮೇಲೆ ಗಾರ್ಡನ್ ಸೆಂಟರಿನ ಹಿಂದೆ, ಯಾರೂ ಕೊಳ್ಳದ ಕುಂಡಗಳ ನಡುವೆ ಒಂದು ಮೊಣಕಾಲೆತ್ತರದ ಗಿಡ ಸೊಟ್ಟಗೆ ನಿಂತಿತ್ತು. ಅದನ್ನೇ ತಂದ. ಅತ್ತಿಗೆ ಬಾಗಿಲಲ್ಲೇ ತಡೆದರು.

"ಮನೆ ಮುಂದೆ ತುಳಸಿ ಇಡೋದು ಬಿಟ್ಟು ಇದೇನ್ರೀ ಇದು ಮುಳ್ಳುಮುಳ್ಳಾಗಿ?"

"ತುಳಸಿ ಇಲ್ಲಿನ ಚಳೀಗೆ ತಡೆಯಲ್ಲ. ಇವನು ತಡೀತಾನೆ."

ಗುಂಡಿ ತೋಡಲು ಶುರು ಮಾಡಿದ್ದನಷ್ಟೇ. ಎದೆಯೆತ್ತರದ ಬೇಲಿಯ ಆಚೆಯಿಂದ ಒಂದು ತಲೆ ಇಣುಕಿತು. ಪಕ್ಕದ ಮನೆಯವರು. ಐರ್ಲೆಂಡಿನಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಪ್ಲಂಬರ್ ಆಗಿದ್ದು, ಆಗತಾನೇ ಕೆಲಸ ಬಿಟ್ಟಿದ್ದವರು. ಹೆಂಡತಿ ತೀರಿಕೊಂಡಿದ್ದರು. ಅಣ್ಣನಿಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬೇಕು.

"ಅಲ್ಲಿ ಬೇಡ" ಎಂದರು ಇಂಗ್ಲಿಷಿನಲ್ಲಿ. "ಅದರ ಕೆಳಗೇ ನಿಮ್ಮ ಮನೆ ಪೈಪು ಹೋಗಿದೆ."

"ನಿಮಗೆ ಹೇಗೆ ಗೊತ್ತು?"

"ಹಾಕಿದ್ದೇ ನಾನಲ್ಲವಾ!"

ಅಲ್ಲಿಂದ ಶುರುವಾಯಿತು ಅವರಿಬ್ಬರ ಸ್ನೇಹ. ಅವರೂ ಒಂದು ಸನಿಕೆ ತಂದರು. ಆ ಮನೆಯ ಮಣ್ಣು ಬರೀ ಜೇಡಿ, ಅದರಲ್ಲಿ ಮಡಕೆ ಮಾಡಬಹುದು. ನೀರು ನಿಂತರೆ ಈ ಮರದ ಬೇರು ಕೊಳೆಯುತ್ತದೆಂದು ಇಬ್ಬರೂ ಸೇರಿ ಹರಳು ಮರಳು ಬೆರೆಸಿದರು, ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರಕ್ಕೆ ಮಣ್ಣು ಏರಿಸಿ ನೆಟ್ಟರು. ನಾನು ಕೋಡುಬಳೆ, ಚಹಾ ತಂದುಕೊಟ್ಟೆ. ಅಣ್ಣ ನನ್ನ ಕಡೆ ಕೈ ತೋರಿಸಿ "ಮೈ ತಂಗಿ" ಎಂದ. ಅವರು ಅದೇ ನನ್ನ ಹೆಸರೆಂದುಕೊಂಡು ಅವತ್ತಿನಿಂದ ನನ್ನನ್ನು ತಂಗಿ ಎಂದೇ ಕರೆದರು. ನಾವ್ಯಾರೂ ತಿದ್ದಲಿಲ್ಲ. ಕೋಡುಬಳೆಯನ್ನು ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು, ಸುತ್ತಲೂ ಕಚ್ಚಿ ಕಚ್ಚಿ ತಿನ್ನುತ್ತಿದ್ದರು.

ಆ ಮೇಲಿನ ವರ್ಷಗಳಲ್ಲಿ ನಾನು ಯಾವಾಗ ಹೋದರೂ ಅವರಿಬ್ಬರೂ ಬೇಲಿಯ ಎರಡು ಕಡೆ ಮಗ್ಗು ಹಿಡಿದು ನಿಂತಿರುತ್ತಿದ್ದರು. ಅಣ್ಣನ ಇಂಗ್ಲಿಷು ಬಸ್ಸಿನ ಇಂಗ್ಲಿಷು. ಅವರ ಇಂಗ್ಲಿಷು ನನಗಂತೂ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಅಷ್ಟು ಹೊತ್ತು ಅದೇನು ಮಾತಾಡುತ್ತಿದ್ದರೋ… ಮರದ ಬಗ್ಗೆಯೇ ಇರಬೇಕು. "ನೀರು", "ಸಾಕು", "ಚೆನ್ನಾಗಿದೆ" ಎಂಬ ಮೂರು ಮಾತು ಅವರಿಗೆ ಕನ್ನಡದಲ್ಲಿ ಬರುತ್ತಿತ್ತು. ಚಹಾ ಬಗ್ಗಿಸುವಾಗ ಸಾಕು ಎನ್ನುತ್ತಿದ್ದರು, ಮರ ನೋಡಿ ಚೆನ್ನಾಗಿದೆ ಎನ್ನುತ್ತಿದ್ದರು.

ಅಣ್ಣ ಆ ಮರವನ್ನು ಬೆಳೆಸಿದ ರೀತಿ ಬೇರೆ ಯಾರಿಗೂ ಬರುವುದಿಲ್ಲ, ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಕತ್ತರಿ ಮುಟ್ಟಿಸಲಿಲ್ಲ. ನೀರು ಹಾಕಿದರೆ ಬುಡಕ್ಕೆ, ಎಲೆಯ ಮೇಲೆ ಒಂದು ಹನಿಯೂ ಬೀಳಬಾರದು. ಬೇಸಿಗೆ ಒಣಗಿದಾಗ ಒಂದು ಬಿಳಿ ತಟ್ಟೆ ಹಿಡಿದು ಕೊಂಬೆ ತಟ್ಟಿ, ಅದರ ಮೇಲೆ ಕೆಂಪು ನುಸಿ ಬಿತ್ತೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಬೀದಿಯ ಮಕ್ಕಳು ಬಂದರೆ "ಲುಕ್, ನೋ ಟಚ್" ಎನ್ನುತ್ತಿದ್ದ. ನನ್ನ ಮಗಳಿಗೂ ಅದೇ ಮಾತು. ಒಂದು ವರ್ಷ ದಪ್ಪ ಪಾರಿವಾಳವೊಂದು ಮರದ ತುದಿಯ ಎಳೆ ಚಿಗುರಿನ ಮೇಲೆ ಕೂತು ಅದನ್ನು ಮುರಿಯಿತು. ತುದಿ ಹೋದರೆ ಈ ಮರದ ಅಂದವೇ ಹೋಯಿತು. ಅಣ್ಣ ಅವತ್ತು ಊಟ ಬಿಟ್ಟ. ಮಾರನೇ ದಿನ ಏಣಿ ಹಾಕಿ, ಪಕ್ಕದ ಮನೆಯವರ ಕೈಗೆ ಅದನ್ನು ಹಿಡಿಸಿ, ಕೆಳಗಿನ ಒಂದು ಪಕ್ಕದ ಕೊಂಬೆಯನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ಬಿದಿರು ಕಡ್ಡಿಗೆ ಕಟ್ಟಿದ. ಕಟ್ಟಿದ್ದು ಅಮ್ಮನ ಹಳೇ ನೂಲಿನ ಸೀರೆಯ ಅಂಚಿನಿಂದ. ದಾರ ಕಟ್ಟಿದರೆ ತೊಗಟೆಗೆ ಕೊರೆಯುತ್ತದಂತೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಪಕ್ಕದ ಕೊಂಬೆಯೇ ತುದಿಯಾಯಿತು. ಮುರಿದ ಕೈಗೆ ಪಟ್ಟಿ ಕಟ್ಟುವವರು ಕೂಡ ಅಷ್ಟು ನೇರಕ್ಕೆ ಕೂರಿಸಲಾರರು.

ಮರ ಬಾಗಿಲಿನ ಚೌಕಟ್ಟು ದಾಟಿ ಬೆಳೆದ ಮೇಲೆ ಅದು ಊರಿಗೇ ಗುರುತಾಯಿತು. ಕನ್ನಡದವರು ಸೇರುವ ಕಡೆ, ಬೆಂಗಳೂರಿನ ಇಂಜಿನಿಯರುಗಳ ಹೆಂಡತಿಯರು "ಓ, ನೀಲಿ ಮರದ ಮನೆಯವರಾ!" ಎನ್ನುತ್ತಿದ್ದರು. "ಹೌದು, ನಮ್ಮಣ್ಣ" ಎನ್ನುವಾಗ ನನ್ನ ಎದೆ ಎಷ್ಟು ಉಬ್ಬುತ್ತಿತ್ತು ಅಂತ ಹೇಳಲಾರೆ. ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ನನಗೆ ಅಂಥ ಜಂಬ ಬೇರೆಲ್ಲಿ ಸಿಗಬೇಕು? ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಫೋಟೋ ತೆಗೆಸಿಕೊಳ್ಳುವವರು ಇದ್ದರು. ಒಬ್ಬರು ಕೇಳಿದರು, "ಲೈಟ್ ಹಾಕಿಸಲ್ವಾ ಸಾರ್?" ಅಣ್ಣ ಹೇಳಿದ, "ಲೈಟು ಹಾಕೋದು ಮರ ಚೆನ್ನಾಗಿಲ್ದೋರು."

ಆಮೇಲೆ ಬಂತು ಆ ಯುಗಾದಿ.

ಅತ್ತಿಗೆಯ ಅಣ್ಣನ ಮಗಳ ಮದುವೆಗೆಂದು ಇಬ್ಬರೂ ಮೈಸೂರಿಗೆ ಹೊರಟರು. ಈಸ್ಟರ್ ರಜೆ, ನನಗೂ ಕೆಲಸವಿರಲಿಲ್ಲ. ಮಗಳನ್ನು ಕರೆದುಕೊಂಡು ಮನೆ ನೋಡಿಕೊಳ್ಳಲು ಹೋದೆ. ಅಣ್ಣ ಟ್ಯಾಕ್ಸಿ ಹತ್ತುವಾಗ ಹೇಳಿದ್ದು ಇಷ್ಟೇ: "ಮರ ಮುಟ್ಟಬೇಡ. ಮಳೆ ಬರದಿದ್ರೆ ಬುಡಕ್ಕೆ ನೀರು. ಅಷ್ಟೇ."

"ಗೊತ್ತು ಬಿಡಣ್ಣ, ಅಮ್ಮನ ಮಲ್ಲಿಗೆ ನೋಡ್ಕೊಂಡೋಳು ನಾನು."

ಒಂದು ವಾರ ಕಳೆದಿರಬೇಕು. ಮರದ ಒಳಗಿನ ಕೊಂಬೆಗಳಲ್ಲಿ ಎಲೆ ಹಳದಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಬಗ್ಗಿ ನೋಡಿದೆ. ಹಸಿರು ಹೇನು, ಸಣ್ಣವು, ಸಾಲಾಗಿ. ನನ್ನ ಕೈಗೆ ಒಪ್ಪಿಸಿ ಹೋದ ಮರ! ಫೋನ್ ಮಾಡಿದೆ. ಮದುವೆ ಮನೆಯ ಓಲಗದ ನಡುವೆ ಅತ್ತಿಗೆ "ಏನೂ ಕೇಳಿಸ್ತಿಲ್ಲ ಕಣೇ, ಆಮೇಲೆ ಮಾಡು" ಎಂದರು. ನಾನು ಆಮೇಲೆ ಮಾಡಲಿಲ್ಲ.

ಮಾರನೇ ದಿನ ಯುಗಾದಿ. ಬೆಳಗ್ಗೆ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆ. ಆಗ ಅಮ್ಮ ನೆನಪಾದಳು. ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಿ, ಅವಳು ಮಲ್ಲಿಗೆ ಗಿಡಗಳ ಕಡೆ ಹೋಗುತ್ತಿದ್ದಳು. ಬೇವಿನ ಎಣ್ಣೆಯನ್ನು ಸೀಗೆ ನೀರಿಗೆ ಕದಡಿ, ಗಿಡಗಳ ಮೇಲೆಲ್ಲ ಚಿಮುಕಿಸಿ, "ಇವಕ್ಕೂ ಹಬ್ಬ ಅಲ್ವಾ, ಇವಕ್ಕೂ ಎಣ್ಣೆನೀರು ಆಗ್ಲಿ" ಎನ್ನುತ್ತಿದ್ದಳು. ಒಂದು ಹೇನೂ ಉಳಿಯುತ್ತಿರಲಿಲ್ಲ.

ಬೇವಿನ ಎಣ್ಣೆ ನನ್ನ ಬ್ಯಾಗಿನಲ್ಲೇ ಇತ್ತು, ಮಗಳ ತಲೆಹೊಟ್ಟಿಗೆಂದು ಕ್ರೋಯ್ಡನ್‌ನಲ್ಲಿ ಕೊಂಡದ್ದು. ಸೀಗೆ ಇರಲಿಲ್ಲ, ಪಾತ್ರೆ ಸೋಪು ಹಾಕಿದೆ. ಕಿಟಕಿ ಒರೆಸುವ ಸ್ಪ್ರೇ ಬಾಟಲಿಗೆ ತುಂಬಿಕೊಂಡು ಹೊರಗೆ ಹೋದೆ.

"ಅಮ್ಮಾ, ಇಟ್ಸ್ ಎ ಟ್ರೀ" ಎಂದಳು ಮಗಳು, ತಲೆಗೆ ಟವೆಲ್ ಸುತ್ತಿಕೊಂಡು. "ಇಟ್ ಡಸಂಟ್ ನೀಡ್ ಎ ಬಾತ್."

"ನಿನಗೇನು ಗೊತ್ತು, ಸುಮ್ನಿರು."

ಸುತ್ತಲೂ ಹೊಡೆದೆ. ಒಳಗೂ ಹೊರಗೂ, ಕೈ ಎತ್ತಿದರೆ ಎಟಕುವಷ್ಟು ಎತ್ತರದವರೆಗೂ. ಮಗುವಿಗೆ ಮೀಸುವ ಹಾಗೆ ಕೊಂಬೆ ಕೊಂಬೆಯನ್ನು ಅಂಗೈಯಲ್ಲಿ ನೀವಿದೆ ಕೂಡ. ಅಣ್ಣ ಬರುವಷ್ಟರಲ್ಲಿ ಹೇನೆಲ್ಲ ಸತ್ತಿರುತ್ತವೆ, ನಿನ್ನ ಮರ ಉಳಿಸಿದ್ದು ನಾನು ಎನ್ನಬೇಕು ಅಂತ ಮನಸ್ಸಿನಲ್ಲೇ ಹಿಗ್ಗಿದೆ.

ಒದ್ದೆ ಮರ ಕಪ್ಪುಹಸಿರಾಗಿ ಕಂಡಿತು. ಒಣಗಿದರೆ ಬಣ್ಣ ಬರುತ್ತದೆ ಎಂದುಕೊಂಡೆ. ಮಧ್ಯಾಹ್ನ ಒಣಗಿತು. ಬರಲಿಲ್ಲ. ಬರೀ ನೀರು ಹೊಡೆದು ತೊಳೆದೆ. ಇನ್ನಷ್ಟು ಹೋಯಿತು. ಕೆಳಗಿನಿಂದ ನನ್ನ ಕೈ ಎಟಕುವವರೆಗೆ ಮರ ಯಾರ ಮನೆಯ ಬೇಲಿಯಲ್ಲೂ ಇರುವ ಗಿಡದ ಹಾಗೆ ಹಸಿರು, ಅದರ ಮೇಲೆ ನೀಲಿ. ನಡುವೆ ಗೆರೆ ಎಳೆದ ಹಾಗಿತ್ತು.

ಮಗಳು ಬಾಗಿಲಲ್ಲಿ ನಿಂತು ನೋಡಿದಳು. "ಯು ವಾಶ್ಡ್ ದ ಬ್ಲೂ ಆಫ್" ಎಂದಳು ಮೆಲ್ಲಗೆ. ಆಗ ಅವಳಿಗೆ ನಗು ಇರಲಿಲ್ಲ. ಮಾಮನಿಗೆ ಹೇಳಬೇಡ ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ. ಅದೂ ನನ್ನ ಲೆಕ್ಕಕ್ಕೇ.

ಆ ಮರದ ನೀಲಿ ಎಲೆಯ ಒಳಗಿನ ಬಣ್ಣವಲ್ಲ. ದ್ರಾಕ್ಷಿಯ ಮೇಲೆ, ನೇರಳೆಹಣ್ಣಿನ ಮೇಲೆ ತೆಳ್ಳಗೆ ಬೂದಿ ಇರುತ್ತದಲ್ಲ, ಹಾಗೆ ಒಂದು ಮೇಣದ ಲೇಪ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಎಣ್ಣೆ, ಸೋಪು ತಾಗಿದರಂತೂ ಕರಗಿಯೇ ಹೋಗುತ್ತದೆ. ಹೋದ ಎಲೆಗೆ ಮತ್ತೆ ಬರುವುದಿಲ್ಲ. ಅಣ್ಣ ಮಕ್ಕಳಿಗೆ ಮುಟ್ಟಬೇಡಿ ಎನ್ನುತ್ತಿದ್ದದ್ದು ಅದಕ್ಕೆ. ನನಗೆ ಇದು ತಿಳಿದದ್ದು ಎಲ್ಲ ಆದ ಮೇಲೆ.

ಹಬ್ಬದ ಹಿಂದಿನ ದಿನವಷ್ಟೇ ಪಕ್ಕದ ಮನೆಯವರು ತಮ್ಮ ಮನೆ ಮುಂದಿನ ಕಲ್ಲುಹಾಸಿಗೆ ಪಾಚಿ ಹೋಗುವ ಔಷಧಿ ಹಾಕಿ, ಬಾಡಿಗೆಗೆ ತಂದ ಮಷಿನ್ನಿನಿಂದ ಜೋರಾಗಿ ನೀರು ಚಿಮ್ಮಿಸಿ ತೊಳೆದಿದ್ದರು. ಕಲ್ಲು ಹೊಸದರ ಹಾಗೆ ಬೆಳ್ಳಗಾಗಿತ್ತು.

ಹೀಥ್ರೂದಿಂದ ಅಣ್ಣ ಬಂದಿಳಿದ. ಸೂಟ್‌ಕೇಸು ಕೈಯಲ್ಲೇ ಇತ್ತು. ಹಾಗೇ ಮರದ ಮುಂದೆ ನಿಂತ. ಆಮೇಲೆ ಒಂದು ಕೊಂಬೆಯನ್ನು, ಸುಮ್ಮಸುಮ್ಮನೆ ಎಂದೂ ಮುಟ್ಟದವನು, ಕೈಯಲ್ಲಿ ಹಿಡಿದು ನೋಡಿದ.

"ಏನಾಯ್ತೇ ಇದಕ್ಕೆ?"

"ಗೊತ್ತಿಲ್ಲ ಕಣಣ್ಣ…"

ಅವನ ಕಣ್ಣು ಬೇಲಿಯ ಆಚೆ ಹೋಯಿತು. ಆ ಬೆಳ್ಳನೆ ಕಲ್ಲುಹಾಸಿನ ಮೇಲೆ ನಿಂತಿತು. ಅಲ್ಲಿಂದ ಮರದ ಮೇಲಿನ ಗೆರೆಗೆ.

"ಅವರು ಮಷಿನ್ ತಂದು ತೊಳೆದ್ರಾ?"

"ಹೂಂ."

"ಔಷಧಿ ಏನಾದ್ರೂ ಹೊಡೆದ್ರಾ?"

"ಹೂಂ."

ಗೊತ್ತಿಲ್ಲ ಎಂದದ್ದೊಂದು ಬಿಟ್ಟರೆ ನಾನು ಸುಳ್ಳು ಹೇಳಲಿಲ್ಲ. ಎರಡು ಸಲ ಹೂಂ ಎಂದೆ, ಎರಡೂ ನಿಜವೇ. ಅಷ್ಟರಿಂದಲೇ ಆಗಬಾರದ್ದು ಆಗಿಹೋಯಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಎಂದಿನ ಹಾಗೆ ಮಗ್ಗು ಹಿಡಿದು ಬೇಲಿಯ ಬಳಿ ಬಂದರು. ಮರ ನೋಡಿ ಅವರಿಗೂ ಗಾಬರಿ. ಕಲ್ಲು ತೊಳೆದ ದಿನದಿಂದ ಸೊಂಟನೋವೆಂದು ಒಳಗೇ ಮಲಗಿದ್ದರಂತೆ. "ಅಯ್ಯೋ, ಏನಾಯಿತು ಇವಳಿಗೆ?" ಎಂದರು. ಅವರು ಮರವನ್ನು ಅವಳು ಎನ್ನುತ್ತಿದ್ದರು, ಅಣ್ಣ ಅವನು ಎನ್ನುತ್ತಿದ್ದ.

"ಯು ಟೆಲ್ ಮಿ" ಎಂದ ಅಣ್ಣ. ಒಳಗೆ ಬಂದು ಬಾಗಿಲು ಹಾಕಿದ.

ಅಣ್ಣ ಜಗಳವಾಡುವವನಲ್ಲ. ಕೂಗಾಡಿ ಕೇಳಿಬಿಟ್ಟಿದ್ದರೆ ನಿಜ ಹೊರಗೆ ಬರುತ್ತಿತ್ತೋ ಏನೋ. ಅವನು ಬೇಲಿಯ ಹತ್ತಿರ ನಿಲ್ಲುವುದನ್ನು ಬಿಟ್ಟ, ಅಷ್ಟೇ. ಎದುರು ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಮುಂದಿನ ವಸಂತಕ್ಕೆ ಪಕ್ಕದ ಮನೆಯವರು ಮರದ ಬುಡಕ್ಕೆಂದು ಒಂದು ಚೀಲ ಹರಳು ಮರಳು ತಂದು ನಮ್ಮ ಗೇಟಿನ ಬಳಿ ಇಟ್ಟು ಹೋದರು. ಅಣ್ಣ ಅದನ್ನು ಒಳಗೆ ತರಲಿಲ್ಲ. ಮಳೆಯಲ್ಲಿ ನೆನೆದು, ಚೀಲ ಹರಿದು, ಮರಳು ಫುಟ್‌ಪಾತಿನ ಮೇಲೆ ಹರಡಿತು. ಒಂದು ದಿನ ಅವರೇ ಪೊರಕೆ ತಂದು ಗುಡಿಸಿಕೊಂಡು ಹೋದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಆಗಲಾದರೂ ಇಳಿದು ಹೋಗಿ ಹೇಳಬಹುದಿತ್ತು…

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಬೈಗುಳದ ಹೆದರಿಕೆ ಅಲ್ಲ, ಅಣ್ಣ ನನ್ನನ್ನು ಬೈದದ್ದೇ ಕಡಿಮೆ. ಅವನಿಗೆ ನನ್ನ ಮೇಲಿದ್ದ ನಂಬಿಕೆ ಒಂದೇ ನನ್ನ ಆಸ್ತಿ. "ನಮ್ಮ ತಂಗಿ ಕೈಯಲ್ಲಿ ಏನು ಕೊಟ್ರೂ ಹಾಳಾಗಲ್ಲ" ಎಂದು ಎಲ್ಲರೆದುರು ಹೇಳುತ್ತಿದ್ದ. ಅದನ್ನು ಉಳಿಸಿಕೊಳ್ಳಲು ಅವನ ಸ್ನೇಹಿತನನ್ನು ಅವನಿಂದ ಕಿತ್ತುಕೊಂಡೆ. ಮೊದಲ ದಿನ ಹೇಳದ್ದನ್ನು ಎರಡನೇ ದಿನ ಹೇಳುವುದು ಕಷ್ಟ. ತಿಂಗಳಾದ ಮೇಲೆ ಇನ್ನೂ ಕಷ್ಟ. ಆಮೇಲೆ ಹೇಳದಿರುವುದೇ ಅಭ್ಯಾಸವಾಯಿತು.

ಆದರೆ ಅಣ್ಣ ಮರವನ್ನು ಬಿಡಲಿಲ್ಲ. ನೋಡಿದವರೆಲ್ಲ "ಕಿತ್ತು ಹಾಕಿ, ಇನ್ನೊಂದು ತನ್ನಿ" ಎಂದರು. ಅತ್ತಿಗೆಯೂ ಹೇಳಿದರು. "ಮೈಗೆ ಹುಷಾರಿಲ್ಲ ಅಂತ ಮನೆಯವರನ್ನ ಆಚೆ ಹಾಕ್ತಾರೇನೇ?" ಎಂದ. ಮೇ ತಿಂಗಳಲ್ಲಿ ಕೊಂಬೆಗಳ ತುದಿಯಲ್ಲಿ ಕಂದು ಟೊಪ್ಪಿಗೆ ಹಾಕಿಕೊಂಡ ಮೊಗ್ಗು ಬಿರಿದು, ಟೊಪ್ಪಿಗೆ ಕಳಚಿ, ಒಳಗಿನಿಂದ ಎಳೆ ಎಲೆಗಳು ಬಂದವು. ನೀಲಿ! ಅಣ್ಣ ನನಗೆ ಕ್ರೋಯ್ಡನ್‌ಗೆ ಫೋನ್ ಮಾಡಿ ಹೇಳಿದ. ಹಳೆಯದು ಹಸಿರಾಗಿಯೇ ಉಳಿಯಿತು, ಹೊಸದು ನೀಲಿಯಾಗಿ ಬಂತು. ಮರುವರ್ಷ ಇನ್ನೊಂದು ಸುತ್ತು. ಅದರ ಮೇಲೆ ಇನ್ನೊಂದು. ಅಣ್ಣ ಗೊಬ್ಬರ ಸುರಿದು ಅವಸರ ಮಾಡಲಿಲ್ಲ, ಬಣ್ಣ ಬಳಿದು ಸುಳ್ಳು ಮಾಡಲಿಲ್ಲ. ಬುಡ ಸಡಿಲಿಸಿದ, ನೀರು ಹಾಕಿದ, ಕಾದ. ನೀಲಿ ಒಂದೊಂದು ಪದರವಾಗಿ ಬೆಳೆದು ನನ್ನ ತಪ್ಪನ್ನು ಒಳಗೆ ಹಾಕಿಕೊಂಡು ಮುಚ್ಚಿತು. ಕೆಲವು ವರ್ಷಗಳಲ್ಲಿ ಆ ಗೆರೆ ಎಲ್ಲಿತ್ತೆಂದು ನನಗೆ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಮತ್ತೆ ಫೋಟೋ ತೆಗೆಸಿಕೊಳ್ಳುವವರು ಬಂದರು. ಅಣ್ಣ ಮತ್ತೆ ಎದೆ ಮುಂದೆ ಮಾಡಿ ಬಾಗಿಲಲ್ಲಿ ನಿಂತ.

ಬೇಲಿಯ ಹತ್ತಿರ ಮಾತ್ರ ಹೋಗಲಿಲ್ಲ.

ಎರಡು ಚಳಿಗಾಲದ ಹಿಂದೆ ಅಣ್ಣ ಹೋದ. ಹೃದಯದ ತೊಂದರೆ. ಆಸ್ಪತ್ರೆಯಲ್ಲಿ ಕೆಲವೇ ದಿನ. ಒಂದು ಸಂಜೆ ಕಾಲು ಒತ್ತುತ್ತಾ ಕೂತಿದ್ದಾಗ "ಅಣ್ಣಾ" ಎಂದೆ. "ಹೂಂ" ಎಂದ. "ಏನಿಲ್ಲ" ಎಂದೆ… ಅವನು ಕಣ್ಣು ಮುಚ್ಚಿಕೊಂಡೇ "ಈ ಗಾಳೀಗೆ ಮರದ ತುದಿ ಹೆಂಗಿದೆ ನೋಡ್ಕೊಂಡು ಬಾ" ಎಂದ. ನೋಡಿಕೊಂಡು ಬಂದು ಹೇಳಿದೆ. ನೇರವಾಗಿಯೇ ಇತ್ತು.

ಕೊನೆಯ ದಿನ ಚಿತಾಗಾರದ ಸಭಾಂಗಣದಲ್ಲಿ ಅವನ ಜೊತೆ ಬಸ್ಸು ಓಡಿಸಿದವರೆಲ್ಲ ಯೂನಿಫಾರ್ಮಿನಲ್ಲಿ ಬಂದಿದ್ದರು. ಅಷ್ಟು ಜನ ಬಂದದ್ದನ್ನು ನೋಡಿ ಆ ದುಃಖದಲ್ಲೂ ನನಗೆ ಹೆಮ್ಮೆಯಾಯಿತು. ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯವರು ಒಬ್ಬರೇ ನಿಂತಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು ಪೆಟ್ಟಿಗೆಯ ಮೇಲೆ ಏನೋ ಇಟ್ಟರು. ನೀಲಿ ಮರದ ಒಂದು ಪುಟ್ಟ ಟೊಂಗೆ. "ನಾನು ಮುರಿಯಲಿಲ್ಲ ತಂಗಿ. ಗಾಳಿಗೆ ಬಿದ್ದಿತ್ತು, ಫುಟ್‌ಪಾತಿನಲ್ಲಿ" ಎಂದರು. ಅವರಿಗೆ ಅದನ್ನು ಹೇಳಬೇಕು ಅನಿಸಿತಲ್ಲ… ಆ ಮರದ ವಿಷಯದಲ್ಲಿ ತಮ್ಮ ಮೇಲೆ ಅನುಮಾನವಿದೆ ಎಂಬಷ್ಟು ಮಾತ್ರ ಅವರಿಗೆ ಗೊತ್ತಿತ್ತು. ಏನು, ಯಾಕೆ ಎಂಬುದು ಗೊತ್ತಿರಲಿಲ್ಲ. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಆ ಬಾಟಲಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತಿದ್ದವಳನ್ನು ಅತ್ತಿಗೆ ಬಂದು ಎಬ್ಬಿಸಿದರು. "ಏನಾಯ್ತೇ? ಏಳು, ಅವರ ಲಾರಿ ಬಂದಿದೆ." ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದೆ. ಕೋಡುಬಳೆ ಡಬ್ಬಿ ತೆಗೆದುಕೊಂಡು ಇಬ್ಬರೂ ಹೊರಗೆ ಹೋದೆವು.

ಪಕ್ಕದ ಮನೆಯವರು ಕೋಲು ಊರಿಕೊಂಡು ಬೇಲಿಯ ಬಳಿ ಬಂದರು. ಬಹಳ ಸಣ್ಣಗಾಗಿದ್ದಾರೆ. ಡಬ್ಬಿ ತೆರೆದು ಒಂದು ಕೋಡುಬಳೆ ತೆಗೆದು, ಹಿಂದಿನ ಹಾಗೇ ಬೆರಳಿಗೆ ಸಿಕ್ಕಿಸಿಕೊಂಡರು. ತಿನ್ನಲಿಲ್ಲ. ಮರವನ್ನೇ ನೋಡುತ್ತಿದ್ದರು. ಅದೀಗ ಮಹಡಿಯ ಕಿಟಕಿಗಿಂತ ಎತ್ತರ. ತುದಿಯಲ್ಲಿ ಮೊಗ್ಗು ಬಿರಿಯುತ್ತಿತ್ತು. ಅಣ್ಣ ಕಟ್ಟಿದ ಆ ಪಕ್ಕದ ಕೊಂಬೆ ಎಲ್ಲಿ ಬಾಗಿ ಮೇಲೆದ್ದಿತು ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಅವರು ಕೋಲೆತ್ತಿ ಅದನ್ನೇ ತೋರಿಸಿದರು.

"ಏಣಿ ಹಿಡಿದಿದ್ದು ನಾನು" ಎಂದರು. ಆಮೇಲೆ ಕನ್ನಡದಲ್ಲಿ, "ಚೆನ್ನಾಗಿದೆ."

ಅತ್ತಿಗೆ ಕಣ್ಣು ಒರೆಸಿಕೊಂಡರು. ಲಾರಿಯವನು ಹಾರ್ನ್ ಮಾಡಿದ. ಅವರು ಕೈಯಲ್ಲಿ ತಡೆ ಎಂದು ಸನ್ನೆ ಮಾಡಿ ನನ್ನ ಕಡೆ ತಿರುಗಿದರು.

"ತಂಗಿ, ಒಂದು ಕೇಳಲಾ? ನಿಮ್ಮಣ್ಣ ಯಾಕೆ ಮಾತು ಬಿಟ್ಟ? ಮರದ ವಿಷಯಕ್ಕೆ ಅಂತಷ್ಟೇ ಗೊತ್ತು, ನಾನು ಮಾಡಿದ್ದೇನು? ಎಷ್ಟೋ ಯೋಚಿಸಿದೆ, ಗೊತ್ತಾಗಲಿಲ್ಲ. ತಿಳಿಯದೆ ಹೋಗುವುದಕ್ಕೆ ಮನಸ್ಸು ಬರುತ್ತಿಲ್ಲ."

ಸೆರಗಿನೊಳಗಿನ ಬಾಟಲಿಯನ್ನು ತೆಗೆದು ಬೇಲಿಯ ಮೇ‌ಲಿಟ್ಟೆ. ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಯುಗಾದಿ, ಹೇನು, ಎಣ್ಣೆ, ಸೋಪು, ಅಣ್ಣ ಕೇಳಿದ ಪ್ರಶ್ನೆ, ನಾನು ಹಾಕಿದ ಹೂಂ. ಅವರು ಬಾಟಲಿಯನ್ನು ನೋಡಿದರು, ಮರವನ್ನು ನೋಡಿದರು, ಮತ್ತೆ ನನ್ನನ್ನು.

ಐ ಆಮ್ ಸಾರಿ ಎಂದೆ. ಆದರೆ ಈ ಊರಿನಲ್ಲಿ ಟ್ಯೂಬಿನಲ್ಲಿ ಕಾಲು ತುಳಿದವರೂ ಸಾರಿ ಎನ್ನುತ್ತಾರೆ, ತುಳಿಸಿಕೊಂಡವರೂ ಸಾರಿ ಎನ್ನುತ್ತಾರೆ. ಅಷ್ಟು ಸಣ್ಣ ಮಾತು ಇದಕ್ಕೆ ಸಾಲದು ಅನಿಸಿತು. ಬೇಲಿಯ ಮೇಲಿದ್ದ ಅವರ ಕೈಯನ್ನು, ಬೆರಳಲ್ಲಿ ಕೋಡುಬಳೆ ಇದ್ದ ಹಾಗೇ, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ, ಆಸ್ಪತ್ರೆಯಲ್ಲಿ ನುಂಗಿಕೊಂಡಿದ್ದ ಮಾತನ್ನು, ಆ ಮರದ ಮುಂದೆ, ಗಟ್ಟಿಯಾಗಿ ಹೇಳಿದೆ.

"ನೀವಲ್ಲ, ನಾನು. ಎಣ್ಣೆ ಹಚ್ಚಿದ್ದೂ ನಾನೇ, ಸುಮ್ಮನಿದ್ದದ್ದೂ ನಾನೇ. ತಪ್ಪಾಯ್ತು ಅಣ್ಣ… ತಪ್ಪಾಯ್ತು."